ಮೂರನೇ ಹಾಲ್‌ನ ನೀರು

ಸಮ್ಮೇಳನ ಕೇಂದ್ರವನ್ನು ಆರು ವಾರದಲ್ಲಿ ಮತ್ತೆ ತೆರೆಯಬೇಕು ಎಂದು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಹೇಳಿದಾಗ ನಾನು ಮೊದಲು ಕೇಳಿದ್ದು ಏರ್ ಕಂಡಿಷನಿಂಗ್ ಬಗ್ಗೆ. ನೀರಿನ ಮಾತು ನನ್ನ ಬಾಯಿಂದ ಬರಲಿಲ್ಲ. ಆಗಸ್ಟ್ ತಿಂಗಳ ಕುವೈತಿನಲ್ಲಿ ಕಟ್ಟಡ ನೋಡಿಕೊಳ್ಳುವ ಎಂಜಿನಿಯರನ ತಲೆಯಲ್ಲಿ ತಂಪು ಮಾಡುವ ಯಂತ್ರ ಬಿಟ್ಟು ಬೇರೇನೂ ಇರುವುದಿಲ್ಲ. ಮೂರು ದೊಡ್ಡ ಹಾಲ್‌ಗಳು, ನಡುವೆ ಕಾರಂಜಿ ಇರುವ ಎತ್ತರದ ಲಾಬಿ, ಹಿಂದುಗಡೆ ಕಲಾವಿದರ ಕೋಣೆಗಳು. ಇಷ್ಟೂ ಜಾಗ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಾಗಿಲು ಹಾಕಿಕೊಂಡು ಬಿಸಿಲಲ್ಲಿ ಬೆಂದಿತ್ತು.

ಆ ಕಟ್ಟಡದ ನಿರ್ವಹಣೆ ನಮ್ಮ ಕಂಪನಿಯದು. ಕೊರೋನಾ ಸೋಂಕು ಬರುವ ಮೊದಲು ಅಲ್ಲಿ ವಾರಕ್ಕೊಂದು ಕಾರ್ಯಕ್ರಮ ಇರುತ್ತಿತ್ತು. ಕಾರುಗಳ ಪ್ರದರ್ಶನ, ಪುಸ್ತಕದ ಮಳಿಗೆಗಳು, ಶಾಲೆಗಳ ವಾರ್ಷಿಕೋತ್ಸವ. ರಂಜಾನ್ ತಿಂಗಳಲ್ಲಿ ಕಾರ್ಮಿಕರನ್ನು ಸಾಲಾಗಿ ಕೂರಿಸಿ ಉಪವಾಸ ಬಿಡಿಸುತ್ತಿದ್ದರು. ನಮ್ಮ ಕನ್ನಡದವರ ರಾಜ್ಯೋತ್ಸವವೂ ಎರಡು ಸಲ ಎರಡನೇ ಹಾಲ್‌ನಲ್ಲೇ ನಡೆದಿತ್ತು. ಸೋಂಕಿನ ಮೊದಲ ಬೇಸಿಗೆಯಲ್ಲಿ ಅದೇ ಹಾಲ್‌ಗಳನ್ನು ಆಸ್ಪತ್ರೆ ಮಾಡಿದರು. ಮಹಬೂಲಾದಂಥ ಕಡೆ ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಜನ ಇರುತ್ತಿದ್ದ ಕಾರ್ಮಿಕರನ್ನು ತಂದು ಮಲಗಿಸಿದ್ದು ಅಲ್ಲಿಯೇ.

ಮಂಚ, ಆಮ್ಲಜನಕದ ಕೊಳವೆ, ಗಾಳಿಯನ್ನು ಹೊರಗೆಳೆಯುವ ಫ್ಯಾನು, ಎಲ್ಲವನ್ನೂ ಕರ್ಫ್ಯೂ ಪಾಸ್ ಹಿಡಿದುಕೊಂಡು ಓಡಾಡಿ ಹಾಕಿದೆವು. ಮೂರನೇ ಹಾಲ್‌ನ ಹಿಂದೆ ರೋಗಿಗಳಿಗಾಗಿ ಹದಿನಾರು ಷವರ್ ಬೇಕು ಎಂದರು, ಒಂಬತ್ತು ದಿನದಲ್ಲಿ. ಕುಡಿಯುವ ನೀರಿನ ಮುಖ್ಯ ಪೈಪಿಗೆ ಸೇರಿಸಿ ಹೊಸ ಲೈನ್ ಎಳೆದೆವು. ನನ್ನ ಪ್ಲಂಬರ್ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಡ್ರಾಯಿಂಗ್ ಕೇಳಿದಾಗ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ.

"ಸಾರ್, ಕಾಗದದಲ್ಲಿ ಬೇಡವಾ?" ಎಂದು ಅವರು ಕೇಳಿದ್ದರು.

"ಕಾಗದ ಆಮೇಲೆ ಮಾಡೋಣ. ಮೊದ್ಲು ನೀರು ಬರ್ಲಿ" ಎಂದಿದ್ದೆ.

ಅವರು ಕಾರ್ಕಳದ ಕಡೆಯವರು. ಐವತ್ತು ದಾಟಿದ ವಯಸ್ಸು, ಕುವೈತಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ನಾವೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ನಮ್ಮ ಕಂಪನಿಯ ಕಾರ್ಮಿಕರು ಇರುವ ಕ್ಯಾಂಪಿನ ಕೇರಳದವರೂ ಬಂಗಾಳದವರೂ ಹಾಗೇ ಕರೆಯುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಮೈಸೂರಿನವನಾದ್ದರಿಂದ ನನ್ನ ಕನ್ನಡ ಕೇಳಿ ನಗುತ್ತಿದ್ದರು. ಪೈಪಿನ ಮೇಲೆ ಕೈಯಿಟ್ಟು ಒಳಗೆ ನೀರು ಓಡುತ್ತಿದೆಯೋ ನಿಂತಿದೆಯೋ ಹೇಳುತ್ತಿದ್ದರು, ಅದು ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಿಲ್ಲ.

ಆಸ್ಪತ್ರೆ ಮುಚ್ಚಿದ ಮೇಲೆ ಷವರ್‌ಗಳನ್ನು ಕಿತ್ತು, ಪೈಪಿನ ತುದಿಗಳಿಗೆ ಮುಚ್ಚಳ ಹಾಕಿ, ಮುಂದೆ ಜಿಪ್ಸಮ್ ಹಲಗೆಯ ಗೋಡೆ ನಿಲ್ಲಿಸಿ ಬಣ್ಣ ಬಳಿದೆವು. ಆ ಲೈನ್ ಅಲ್ಲೇ ಉಳಿಯಿತು. ಡ್ರಾಯಿಂಗ್ ಮಾಡಲೇ ಇಲ್ಲ.

ಈಗ ಮತ್ತೆ ತೆರೆಯುವ ಕೆಲಸ. ಮೊದಲ ಕಾರ್ಯಕ್ರಮ ಯಾವುದೆಂದೂ ಗೊತ್ತಾಗಿತ್ತು: ಆ ಹಾಲ್‌ಗಳಲ್ಲೇ ದುಡಿದ ನರ್ಸ್‌ಗಳು, ಸ್ವಯಂಸೇವಕರು, ಆಂಬ್ಯುಲೆನ್ಸ್ ಚಾಲಕರನ್ನು ಕರೆದು ಗೌರವಿಸುವ ಸಮಾರಂಭ. ಎಲ್ಲ ದೇಶದ ಸಂಘಗಳೂ ಸೇರಿ ಮಾಡುವುದು. ಲಾಬಿಯ ಕಾರಂಜಿ ಆ ಸಂಜೆ ಚಿಮ್ಮಲೇಬೇಕು, ಫೋಟೋಗಳೆಲ್ಲ ಅದರ ಮುಂದೆಯೇ ಎಂದು ಮ್ಯಾನೇಜರ್ ಮೂರು ಸಲ ಹೇಳಿದರು.

ಮೊದಲ ಎರಡು ವಾರ ಇಡೀ ಕಟ್ಟಡವನ್ನು ತಂಪು ಮಾಡುವ ಚಿಲ್ಲರ್‌ಗಳ ಜೊತೆ ಹೋಯಿತು. ನಾಲ್ಕರಲ್ಲಿ ಒಂದರ ಕಂಪ್ರೆಸರ್ ಹಿಡಿದುಕೊಂಡಿತ್ತು. ಬಿಡಿಭಾಗಕ್ಕಾಗಿ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಅಂಗಡಿಗಳನ್ನು ಸುತ್ತಿದೆ; ಅರ್ಧ ಅಂಗಡಿಗಳ ಶಟರ್ ಇಳಿದಿತ್ತು, ಪರಿಚಯದ ಇಬ್ಬರು ಮೆಕ್ಯಾನಿಕ್‌ಗಳು ಊರಿಗೆ ಹೋದವರು ವಾಪಸ್ ಬಂದಿರಲಿಲ್ಲ. ಗಾಳಿಯ ಕೊಳವೆಗಳಲ್ಲಿ ಕೈಬೆರಳಿನ ದಪ್ಪಕ್ಕೆ ಧೂಳು. ಫಿಲ್ಟರ್ ಬಿಚ್ಚಿದರೆ ಹಾಳೆಹಾಳೆಯಾಗಿ ಉದುರುತ್ತಿತ್ತು. ಬೆಂಕಿ ಆರಿಸುವ ಪಂಪ್ ಸ್ಟಾರ್ಟ್ ಆಗಲಿಲ್ಲ. ಇದೆಲ್ಲದರ ನಡುವೆ ನೀರಿನ ಕೆಲಸವನ್ನು ಮೇಸ್ತ್ರಿಗೂ ಅವರ ಇಬ್ಬರು ಸಹಾಯಕರಿಗೂ ಬಿಟ್ಟುಬಿಟ್ಟೆ.

ನಿಯಮ ಗೊತ್ತಿರಲಿಲ್ಲವೆಂದಲ್ಲ. ಬಹಳ ದಿನ ನಿಂತ ನೀರಿನ ವ್ಯವಸ್ಥೆಯನ್ನು ಮತ್ತೆ ಶುರು ಮಾಡುವಾಗ ಟ್ಯಾಂಕ್ ಖಾಲಿ ಮಾಡಿ ಉಜ್ಜಬೇಕು, ಕ್ಲೋರಿನ್ ಹಾಕಿ ತುಂಬಿಸಿ ಬಿಡಬೇಕು, ಆಮೇಲೆ ಒಂದೊಂದೇ ನಲ್ಲಿ ತೆರೆದು ಹರಿಸಬೇಕು. ಹರಿಸುವವರು ಹನಿಯ ಮಂಜನ್ನು ಉಸಿರಿಗೆ ಎಳೆದುಕೊಳ್ಳದಂತೆ ಸರಿಯಾದ ಮಾಸ್ಕ್ ಹಾಕಬೇಕು. ಕೆಲಸ ಶುರು ಮಾಡುವ ಮುಂಚೆ ತುಂಬುವ ಪರ್ಮಿಟ್ ಫಾರಂನಲ್ಲಿ ಅದಕ್ಕೊಂದು ಚೌಕ ಇದೆ. ಅಪಾಯ ಏನು ಎಂಬಲ್ಲಿ ನಾನು "ಜಾರುವ ನೆಲ" ಎಂದು ಬರೆದೆ. ಉಸಿರಾಟದ ಮಾಸ್ಕ್ ಎಂಬಲ್ಲಿ "ಅಗತ್ಯವಿಲ್ಲ" ಎಂದು ಗುರುತು ಹಾಕಿ ಸಹಿ ಮಾಡಿದೆ. ಚಿಲ್ಲರ್‌ನ ಮುಂದೆ ನಿಂತು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮೂರನೇ ಹಾಲ್‌ನ ಕಡೆಯ ನಲ್ಲಿಗಳನ್ನು ತೆರೆದ ದಿನ ಮೇಸ್ತ್ರಿ ಫೋನ್ ಮಾಡಿದರು.

"ಸಾರ್, ಇಲ್ಲಿಗೆ ಒಮ್ಮೆ ಬರ್ತೀರಾ? ನೀರು ಎಂತದೋ ವಾಸನೆ ಮಾರಾಯ್ರೆ. ಕೆರೆ ಬತ್ತಿದಾಗ ಬರ್ತದಲ್ಲ, ಹಾಗೆ ಉಂಟು."

ಹೋಗಿ ನೋಡಿದೆ. ಮೊದಲು ಕಂದು, ಆಮೇಲೆ ತಿಳಿ. ತಣ್ಣೀರಿನ ನಲ್ಲಿಗೆ ಥರ್ಮಾಮೀಟರ್ ಹಿಡಿದರೆ ನಲವತ್ಮೂರು ಡಿಗ್ರಿ. ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕಿನ ನೀರು ಸ್ನಾನಕ್ಕೆ ತಣ್ಣೀರು ಬೆರೆಸಬೇಕಾದಷ್ಟು ಬಿಸಿ ಇರುತ್ತದೆ, ಆದ್ದರಿಂದ ನನಗೆ ಅದು ವಿಶೇಷ ಅನ್ನಿಸಲಿಲ್ಲ. ಮೇಸ್ತ್ರಿ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿದರು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗಬೇಕು.

"ಬಣ್ಣವೇ ಬರುದಿಲ್ಲ ನೋಡಿ. ನಿನ್ನೆಯೂ ಬರ್ಲಿಲ್ಲ. ಒಂದನೇ ಹಾಲಿನಲ್ಲಿ ಚೆಂದ ಬಂತು, ಇಲ್ಲಿ ಮಾತ್ರ ಸೊನ್ನೆ. ಯಾರೋ ಒಳಗೆ ಕೂತು ಕುಡಿದ ಹಾಗೆ."

"ಮಾತ್ರೆ ಹಳೇದಿರ್ಬೇಕು ಮೇಸ್ತ್ರಿ. ಇನ್ನೊಂದು ಸಲ ಕ್ಲೋರಿನ್ ಹಾಕಿ, ಚೆನ್ನಾಗಿ ಹರ್ಸಿ."

ಒಂದನೇ ಹಾಲ್‌ನಲ್ಲಿ ಬಣ್ಣ ತಿರುಗಿಸಿದ್ದೂ ಅದೇ ಡಬ್ಬಿಯ ಮಾತ್ರೆಗಳೇ. ಅದನ್ನು ಯೋಚಿಸುವಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಿಲ್ಲ.

ಅವರು ಚೆನ್ನಾಗಿಯೇ ಹರಿಸಿದರು. ಅದೇ ಹಾಲ್‌ನ ಹಿಂದಿನ ಕಲಾವಿದರ ಕೋಣೆಗಳಲ್ಲಿ ಎರಡು ಷವರ್ ಇವೆ. ಕಿಟಕಿಯಿಲ್ಲದ ಆ ಸಣ್ಣ ಜಾಗದಲ್ಲಿ ಒಂದೊಂದನ್ನೂ ಅರ್ಧ ಗಂಟೆ ಬಿಟ್ಟು ಪಕ್ಕದಲ್ಲೇ ನಿಂತಿದ್ದರು. ಸಹಾಯಕರನ್ನು ಆಚೆ ಕಳಿಸಿ, "ಇಬ್ಬಿಬ್ಬರು ಯಾಕೆ ಒದ್ದೆಯಾಗುದು" ಎಂದರಂತೆ. ಕಟ್ಟಿಕೊಂಡಿದ್ದ ಕಾರಂಜಿಯ ನಳಿಕೆಗಳನ್ನು ಗಾಳಿ ಊದಿ ಬಿಡಿಸಿದ್ದೂ ಅವರೇ. ಅದಕ್ಕೂ ನೀರು ಬರುವುದು ಮೂರನೇ ಹಾಲ್‌ನ ಲೈನಿನಿಂದ. ಬಟ್ಟೆಯ ಮಾಸ್ಕ್ ಎಲ್ಲರ ಹಾಗೆ ಗಲ್ಲದ ಕೆಳಗೆ ಜೋತಾಡುತ್ತಿತ್ತು.

ಆರು ದಿನದ ಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಜ್ವರ, ಚಳಿ, ಹೊಟ್ಟೆ ಕೆಟ್ಟಿದೆ ಎಂದು ಕ್ಯಾಂಪಿನಿಂದ ಸುದ್ದಿ ಬಂತು. ಎಲ್ಲರೂ ಅಂದುಕೊಂಡದ್ದು ಒಂದೇ, ಕೊರೋನಾ. ಅವರ ಕೋಣೆಯವರನ್ನೆಲ್ಲ ಬೇರೆ ಮಾಡಿದರು, ಅವರನ್ನು ಒಂಟಿಯಾಗಿ ಇರಿಸಿದರು. ಮೂಗಿನ ದ್ರವದ ಪರೀಕ್ಷೆ ನೆಗೆಟಿವ್ ಬಂತು. ಎರಡು ದಿನ ಬಿಟ್ಟು ಮತ್ತೆ ಮಾಡಿಸಿದರು, ಮತ್ತೆ ನೆಗೆಟಿವ್. ಆ ಎರಡು ದಿನ ಮುಚ್ಚಿದ ಬಾಗಿಲ ಹೊರಗೆ ಊಟ ಇಟ್ಟು ಬರುತ್ತಿದ್ದರೇ ಹೊರತು ಒಳಗೆ ಯಾರೂ ಹೋಗಲಿಲ್ಲ. ಮೂರನೇ ದಿನ ಅವರು ಕೋಣೆಯ ಮೂಲೆಯಲ್ಲಿ ಕೂತು, ಇಲ್ಲದ ವಾಲ್ವ್ ಒಂದನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದರಂತೆ. ಆಗ ಆಂಬ್ಯುಲೆನ್ಸ್ ಕರೆದರು.

ನಾನು ಆಸ್ಪತ್ರೆಗೆ ಹೋದದ್ದು ಮರುದಿನ ಬೆಳಿಗ್ಗೆ. ಡಾಕ್ಟರ್ ಈಜಿಪ್ಟಿನವರು, ಕಣ್ಣ ಕೆಳಗೆ ಕಪ್ಪು ಕಟ್ಟಿದ ಮನುಷ್ಯ. ಎಕ್ಸ್‌ರೇ ತೋರಿಸಿ, ಎಡ ಪುಪ್ಪುಸದ ಅರ್ಧಕ್ಕಿಂತ ಹೆಚ್ಚು ಬೆಳ್ಳಗಾಗಿರುವುದನ್ನು ಪೆನ್ನಿನ ತುದಿಯಲ್ಲಿ ಸುತ್ತು ಹಾಕಿ ಹೇಳಿದರು. ಮೊದಲೇ ಸಕ್ಕರೆ ಕಾಯಿಲೆ, ಸಿಗರೇಟು. ಆಮೇಲೆ ಕೇಳಿದರು:

"ಇವರು ಕೆಲಸ ಮಾಡುವುದು ಯಾವುದರ ಜೊತೆ?"

"ನೀರಿನ ಜೊತೆ" ಎಂದೆ.

ಅವರು ನರ್ಸನ್ನು ಕರೆದು ಮೂತ್ರದ ಪರೀಕ್ಷೆಯೊಂದನ್ನು ಬರೆದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು. ಲೀಜನೆಲ್ಲಾ. ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆದು ಮಂಜಿನ ಹನಿಯ ಜೊತೆ ಪುಪ್ಪುಸಕ್ಕೆ ಇಳಿಯುವ ಬ್ಯಾಕ್ಟೀರಿಯಾ. ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಉಸಿರಿಗೆ ಹೋಗಬೇಕು. ಔಷಧ ಬದಲಿಸುತ್ತೇವೆ, ಆದರೆ ನಾಲ್ಕೈದು ದಿನ ತಡವಾಗಿದೆ ಎಂದರು ಡಾಕ್ಟರ್.

ಕಾರಿಗೆ ಬಂದು ಕೂತಾಗ ಕ್ಲೋರಿನ್ನಿನ ಬಣ್ಣ ಬಾರದ ಗಾಜಿನ ಕೊಳವೆ ಕಣ್ಣ ಮುಂದೆ ಬಂತು. ಕ್ಲೋರಿನ್ನನ್ನು ಯಾರೋ ಒಳಗೆ ಕೂತು ಕುಡಿಯುತ್ತಿದ್ದದ್ದು ನಿಜ. ಮುಚ್ಚಳ ಹಾಕಿ ಬಿಟ್ಟ ನನ್ನ ಹದಿನಾರು ಷವರ್‌ಗಳ ಪೈಪಿನಲ್ಲಿ ಒಂದು ವರ್ಷ ನೀರು ನಿಂತು, ಒಳಗೋಡೆಗೆಲ್ಲ ಲೋಳೆ ಕಟ್ಟಿ, ಅಲ್ಲಿಂದ ಮುಖ್ಯ ಲೈನಿಗೆ ಇಳಿಯುತ್ತಿತ್ತು. ನಾವು ಎಷ್ಟು ಕ್ಲೋರಿನ್ ಹಾಕಿದರೂ ಅದು ತುದಿ ಮುಚ್ಚಿದ ಪೈಪಿನ ಒಳಗೆ ಹೋಗುವಂತಿರಲಿಲ್ಲ. ಹರಿಯದ ಕಡೆ ಔಷಧವೂ ಹರಿಯುವುದಿಲ್ಲ.

ನೇರ ಹೋಗಿ ಮ್ಯಾನೇಜರಿಗೆ ಹೇಳಿದೆ. ಹೈದರಾಬಾದಿನವರು, ಕೆಟ್ಟ ಮನುಷ್ಯರಲ್ಲ. ಅವರ ಅಣ್ಣ ಸೋಂಕಿನಲ್ಲಿ ಹೋಗಿದ್ದರು, ಮಣ್ಣಿಗೂ ಇವರಿಗೆ ಹೋಗಲಾಗಿರಲಿಲ್ಲ.

"ಭಾಯಿ, ಇನ್ನು ಹನ್ನೆರಡು ದಿನ ಇದೆ" ಎಂದರು ಹಿಂದಿಯಲ್ಲಿ. "ಆಸ್ಪತ್ರೆಯವರ ಕಾಗದದಲ್ಲಿ ನ್ಯುಮೋನಿಯಾ ಅಂತ ಇದ್ದರೆ ಅದು ನ್ಯುಮೋನಿಯಾ. ಇನ್ನೊಂದು ಸಲ ಜೋರಾಗಿ ಕ್ಲೋರಿನ್ ಹೊಡೆಯಿರಿ, ಖಲಾಸ್. ನೀರೇ ಸರಿಯಿಲ್ಲ ಅಂತ ಹೇಳಿದರೆ ಮಾಲೀಕರು ನಮ್ಮ ಗುತ್ತಿಗೆ ಕಿತ್ತುಕೊಳ್ಳುತ್ತಾರೆ. ಅರ್ಧ ಜನರನ್ನು ಈಗಾಗಲೇ ಊರಿಗೆ ಕಳಿಸಿದ್ದೇನೆ. ಉಳಿದವರನ್ನೂ ಕಳಿಸಲಾ? ನೀವೇ ಹೇಳಿ."

"ಆ ಲೈನ್ ಇರುವವರೆಗೆ ಕ್ಲೋರಿನ್ನಿನಿಂದ ಏನೂ ಆಗುವುದಿಲ್ಲ ಸರ್."

"ಯಾವ ಲೈನ್? ಡ್ರಾಯಿಂಗಿನಲ್ಲಿ ಎಲ್ಲಿದೆ?"

ನಾನು ಎದ್ದು ಮನೆಗೆ ಹೋದೆ.

ಸಲ್ವಾದ ಎರಡು ಕೋಣೆಯ ಫ್ಲಾಟಿನಲ್ಲಿ ನಾನು, ಹೆಂಡತಿ, ಮಗಳು, ಮೂವರು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು, "ಫಾರಂಗೆ ಸೈನ್ ಮಾಡಿದ್ದು ನೀವೇನಾ?"

"ನಾನೇ."

"ಹಾಗಾದ್ರೆ ನೀವಾಗೇ ಹೋಗಿ ಹೇಳಿದ್ರೆ ನಿಮ್ಮ ಮೇಲೇ ಬರತ್ತಲ್ರೀ. ಇಲ್ಲಿ ಇರೋಕೆ ಬೇಕಾದ ಇಕಾಮಾ ಕಂಪನಿಯವರ ಕೈಯಲ್ಲೇ ಇದೆ. ಇವಳು ಈ ವರ್ಷ ಹತ್ತನೇ ಕ್ಲಾಸು. ಮಧ್ಯದಲ್ಲಿ ಎಲ್ಲಿಗೆ ಕರ್ಕೊಂಡು ಹೋಗೋದು?"

ಮಗಳು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಈಸ್ ಹಿ ಗೋಯಿಂಗ್ ಟು ಡೈ, ಅಪ್ಪ?" ಎಂದಳು. ಹಿಂದಿನ ವರ್ಷ ನಮ್ಮ ಅಡುಗೆಮನೆಯ ಸಿಂಕ್ ಸರಿ ಮಾಡಲು ಮೇಸ್ತ್ರಿ ಬಂದಿದ್ದಾಗ ಇವಳಿಗೆ ತುಳುವಿನಲ್ಲಿ ಒಂದರಿಂದ ಹತ್ತು ಎಣಿಸುವುದನ್ನು ಹೇಳಿಕೊಟ್ಟಿದ್ದರು. ಗೊತ್ತಿಲ್ಲ ಎಂದೆ.

ಮರುದಿನ ಇಡೀ ನಾನು ಏನೂ ಮಾಡಲಿಲ್ಲ. ಇದನ್ನು ಬರೆಯಲೇಬೇಕು. ಲೀಜನೆಲ್ಲಾ ಎಂದು ಗೊತ್ತಿದ್ದೂ ಒಂದು ಇಡೀ ದಿನ ಮೂರನೇ ಹಾಲ್‌ನ ನೀರಿನ ವಾಲ್ವ್ ತೆರೆದೇ ಇತ್ತು. ಆ ದಿನ ಶುಚಿ ಮಾಡುವ ಇಬ್ಬರು ನೇಪಾಳಿ ಹೆಂಗಸರು ಮೂರನೇ ಹಾಲ್‌ನ ಶೌಚಾಲಯಗಳನ್ನು ಕೈಪೈಪ್ ಹಿಡಿದು ತೊಳೆದರು. ಅವರಿಗೆ ಏನೂ ಆಗಲಿಲ್ಲ. ಅದು ಅವರ ಪುಣ್ಯ, ನನ್ನ ಕೆಲಸವಲ್ಲ. ಸಂಜೆ ಅವರು ಬಕೆಟ್ ಹಿಡಿದು ಎದುರು ಬಂದು ಸಲಾಂ ಹೇಳಿದಾಗ ನನಗೆ ತಿರುಗಿ ಹೇಳಲಾಗಲಿಲ್ಲ. ಅಲ್ಲಿಂದ ಪಂಪ್ ಕೋಣೆಗೆ ಹೋಗಿ ಮೂರನೇ ಹಾಲ್‌ನ ಮುಖ್ಯ ವಾಲ್ವ್ ಮುಚ್ಚಿ, ಸರಪಳಿ ಸುತ್ತಿ ಬೀಗ ಹಾಕಿದೆ. ಕೀಲಿಯನ್ನು ಮ್ಯಾನೇಜರಿಗೆ ಕೊಡಲಿಲ್ಲ. ಕಟ್ಟಡದ ಮಾಲೀಕರ ಕಡೆಯ ಸುರಕ್ಷತಾ ಎಂಜಿನಿಯರ್ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟೆ.

ಆಕೆ ಕುವೈತಿ, ಮೂವತ್ತೈದರ ಆಸುಪಾಸು. ಮಾತು ಕಮ್ಮಿ, ನಮ್ಮ ಗುತ್ತಿಗೆಯವರೆಲ್ಲ ಆಕೆಗೆ ಹೆದರುತ್ತಿದ್ದರು. ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿ, ಮೂರನೇ ಹಾಲ್‌ನ ಡ್ರಾಯಿಂಗ್ ಬಿಡಿಸಿ ಮೇಜಿನ ಮೇಲೆ ಹರಡಿದರು.

"ತೋರಿಸಿ."

"ಇದರಲ್ಲಿ ಇಲ್ಲ ಮೇಡಂ. ನಾನು ಹಾಕಲಿಲ್ಲ."

"ಮತ್ತೆಲ್ಲಿದೆ?"

"ಅರ್ಧ ನನ್ನ ತಲೆಯಲ್ಲಿ. ಇನ್ನರ್ಧ, ಆಸ್ಪತ್ರೆಯಲ್ಲಿರುವ ನಮ್ಮ ಮೇಸ್ತ್ರಿಯ ತಲೆಯಲ್ಲಿ."

ಆಕೆ ಕೆಂಪು ಪೆನ್ಸಿಲ್ ತೆಗೆದು ನನ್ನ ಮುಂದಿಟ್ಟರು. "ಹಾಗಾದರೆ ನಿಮ್ಮ ಅರ್ಧವನ್ನು ಬಿಡಿಸಿ. ಆಮೇಲೆ ಹೋಗಿ ಅವರ ಅರ್ಧವನ್ನು ಕೇಳಿ. ಆ ಹಾಲ್ ಮುಚ್ಚಿರುತ್ತದೆ. ಯಾರು ಫೋನ್ ಮಾಡಿದರೂ ಮುಚ್ಚಿರುತ್ತದೆ."

ಅವರ ಅರ್ಧ ಎಂದು ನಾನು ಹೇಳಿದ್ದಕ್ಕೆ ಕಾರಣ ಇತ್ತು. ಆ ಒಂಬತ್ತು ದಿನಗಳ ಆರನೇ ದಿನ ನನಗೇ ಸೋಂಕು ತಗುಲಿ ಎರಡು ವಾರ ಕೋಣೆ ಸೇರಿದ್ದೆ. ಕೆಲಸ ಮುಗಿಸಿದ್ದು ಮೇಸ್ತ್ರಿ.

ಆಸ್ಪತ್ರೆಯಲ್ಲಿ ಒಬ್ಬರಿಗೆ ಹತ್ತು ನಿಮಿಷ ಮಾತ್ರ ಬಿಡುತ್ತಿದ್ದರು. ಮೇಸ್ತ್ರಿಯ ಮುಖಕ್ಕೆ ಆಮ್ಲಜನಕದ ಮುಖವಾಡ ಬಿಗಿದಿತ್ತು, ಎದೆ ಬಟ್ಟೆಯೊಳಗೆ ಮೇಲೆ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆಯಿಂದ ಸ್ವಲ್ಪ ಪ್ರಜ್ಞೆ ಇದೆ, ಹೆಚ್ಚು ಮಾತಾಡಿಸಬೇಡಿ ಎಂದು ಮಲಯಾಳಿ ನರ್ಸ್ ಹೇಳಿದಳು. ನನ್ನನ್ನು ಕಂಡು ಅವರು ಕಣ್ಣಲ್ಲೇ ಗುರುತಿಸಿದರು.

"ಮೇಸ್ತ್ರಿ, ಮೂರನೇ ಹಾಲ್‌ನ ಹಿಂದಿನ ಲೈನು. ನಾನಿಲ್ದಿದ್ದಾಗ ನೀವು ಇನ್ನೇನಾದ್ರೂ ಸೇರಿಸಿದ್ರಾ?"

ಅವರು ಮುಖವಾಡವನ್ನು ಬೆರಳಿನಿಂದ ಸ್ವಲ್ಪ ಎತ್ತಿದರು. ನರ್ಸ್ ಬೇಡವೆಂದು ಮುಂದೆ ಬಂದಳು, ಅವರು ಕೈ ಅಡ್ಡ ಹಿಡಿದರು.

"ಒಂದು ಉಂಟು ಸಾರ್... ನರ್ಸಮ್ಮಂದಿರು ಬಟ್ಟೆ ಬದಲಾಯ್ಸುವ ಕೋಣೆಗೆ. ಅವ್ರು ಪಾಪ, ಎಂಟು ಗಂಟೆ ಆ ಪ್ಲಾಸ್ಟಿಕ್ ಡ್ರೆಸ್ಸಿನಲ್ಲಿ... ಸ್ನಾನಕ್ಕೆ ಜಾಗ ಇರ್ಲಿಲ್ಲ. ನಾಲ್ಕು ಷವರ್ ಕೊಟ್ಟೆ. ಕಾರಂಜಿ ಪಂಪಿನ ಹಿಂದೆ... ಗೋಡೆ ಒಳಗೆ." ಉಸಿರು ಎಳೆದುಕೊಂಡರು. "ಯಾರೂ ಹೇಳ್ಲಿಲ್ಲ. ನಾನೇ ಕೊಟ್ಟದ್ದು. ನಿಮಗೆ ಹೇಳ್ಬೇಕು ಅಂತ ಇತ್ತು... ಮರ್ತೇ ಹೋಯ್ತು. ತಪ್ಪಾಯ್ತು ಸಾರ್."

"ನಿಮ್ದೇನೂ ತಪ್ಪಿಲ್ಲ" ಎಂದೆ. ಆಗಲೇ ಪರ್ಮಿಟ್ ಫಾರಂ ಬಗ್ಗೆಯೂ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹತ್ತು ನಿಮಿಷ ಆಯಿತೆಂದು ನರ್ಸ್ ಹೊರಗೆ ಕಳಿಸಿದಳು. ಮರುದಿನ ಅವರಿಗೆ ಕೃತಕ ಉಸಿರಾಟದ ಯಂತ್ರ ಹಾಕಿದರು.

ಕಾರಂಜಿ ಪಂಪಿನ ಹಿಂದಿನ ಗೋಡೆಯನ್ನು ನಾನೇ ಕೊಯ್ದೆ. ಸಹಾಯಕರಿಬ್ಬರಿಗೂ ನನಗೂ ಪೂರ್ತಿ ಮುಖ ಮುಚ್ಚುವ ಫಿಲ್ಟರ್ ಮಾಸ್ಕ್. ಶುವೈಖ್‌ನ ಒಂದು ಅಂಗಡಿಯಲ್ಲಿ ಸಿಕ್ಕಿತು. ಮೂರು ವಾರ ಮುಂಚೆ ಹೋಗಿದ್ದರೂ ಅದೇ ಅಂಗಡಿಯಲ್ಲಿ ಸಿಗುತ್ತಿತ್ತು. ಹಲಗೆ ತೆಗೆದರೆ ನಾಲ್ಕು ಪೈಪಿನ ತುದಿಗಳು, ನಾಲ್ಕಕ್ಕೂ ಅಚ್ಚುಕಟ್ಟಾದ ಮುಚ್ಚಳ, ಒಂದೇ ಎತ್ತರಕ್ಕೆ. ಎಷ್ಟೇ ಅವಸರವಿದ್ದರೂ ಅವರ ಕೆಲಸ ಹಾಗೇ ಇರುತ್ತಿತ್ತು. ಮೊದಲನೆಯದನ್ನು ಕತ್ತರಿಸಿದಾಗ ಬಂದದ್ದು ನೀರಲ್ಲ, ಕಂದು ಬಣ್ಣದ ಲೋಳೆ. ಸೀಸೆಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದೆವು.

ನನಗೆ ಗೊತ್ತಿದ್ದ ಹದಿನಾರು ಷವರ್‌ಗಳ ಲೈನನ್ನು ಮಾತ್ರ ಕಿತ್ತಿದ್ದರೆ ಈ ನಾಲ್ಕು ಅಲ್ಲೇ ಉಳಿಯುತ್ತಿದ್ದವು, ಕಾರಂಜಿಯ ಬೆನ್ನಿಗೇ. ಸಮಾರಂಭಕ್ಕೆ ಬರುವ ನರ್ಸ್‌ಗಳು ಆ ಕಾರಂಜಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದರು.

ಎರಡೂ ಲೈನ್‌ಗಳನ್ನು ಮುಖ್ಯ ಪೈಪಿನ ಬುಡದವರೆಗೆ ಕಿತ್ತೆವು. ಬಿಸಿನೀರನ್ನು ಎಪ್ಪತ್ತು ಡಿಗ್ರಿಗೆ ಏರಿಸಿ ಹರಿಸಿದೆವು, ಕ್ಲೋರಿನ್ ತುಂಬಿಸಿ ಬಿಟ್ಟೆವು, ಮತ್ತೆ ಹರಿಸಿದೆವು. ಕೊನೆಯ ನಲ್ಲಿಯಲ್ಲಿ ನೀರು ಹಿಡಿದು ಮಾತ್ರೆ ಹಾಕಿದಾಗ ಗುಲಾಬಿ ಬಣ್ಣ ಬಂತು. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗಲೇ ಕ್ಯಾಂಪಿನಿಂದ ಫೋನ್ ಬಂತು. ಮೇಸ್ತ್ರಿ ಬೆಳಿಗ್ಗೆ ಹನ್ನೊಂದಕ್ಕೆ ತೀರಿಕೊಂಡಿದ್ದರು.

ನಾನು ಮುಂದಿನ ನಲ್ಲಿಗೆ ಹೋಗಿ ನೀರು ಹಿಡಿದೆ. ಅದು ಮುಗಿದ ಮೇಲೆ ಅದರ ಮುಂದಿನದು. ಸಹಾಯಕರಲ್ಲಿ ಒಬ್ಬ ನೆಲದ ಮೇಲೆ ಕೂತು ಅಳುತ್ತಿದ್ದ. ಅವನಿಗೆ ಏನಾದರೂ ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಮಾಡಿದ್ದು ಕರಾವಳಿಯ ಸಂಘದ ಒಬ್ಬ ಸ್ವಯಂಸೇವಕರು. ಆ ಒಂದೂವರೆ ವರ್ಷದಲ್ಲಿ ಅಂಥವನ್ನು ಎಷ್ಟು ಮಾಡಿದ್ದರೋ, ಯಾವ ಕಚೇರಿಯಲ್ಲಿ ಯಾವ ಮುದ್ರೆ ಎಂಬುದೆಲ್ಲ ಅವರಿಗೆ ಬಾಯಿಪಾಠ ಆಗಿತ್ತು. ಮೇಸ್ತ್ರಿಯ ಹೆಂಡತಿಗೆ ನಾನು ಎರಡು ಸಲ ಫೋನ್ ಮಾಡಿದ್ದೆ. ಕಾಯಿಲೆಯಲ್ಲಿದ್ದಾಗ ಒಮ್ಮೆ, ತೀರಿಕೊಂಡ ದಿನ ಒಮ್ಮೆ. ಎರಡನೇ ಸಲ ಆಕೆ ಕೇಳಿದ್ದರು, "ಕೊರೋನಾ ಅಲ್ಲ ಅಂತ ಹೇಳ್ತಾರೆ. ಮತ್ತೆ ಎಂತದು ಸಾರ್?" ನಾನು ಪುಪ್ಪುಸದ ಸೋಂಕು ಎಂದಷ್ಟೇ ಹೇಳಿದೆ.

ಒಂದು ವಾರದ ನಂತರ ಮ್ಯಾನೇಜರ್ ಅಪಘಾತದ ವರದಿಯನ್ನು ನನ್ನ ಮುಂದಿಟ್ಟರು. ಕಾರಣ ಎಂಬಲ್ಲಿ ಹೀಗೆ ಟೈಪ್ ಮಾಡಿತ್ತು: ಕೆಲಸಗಾರನು ಸುರಕ್ಷಾ ಮಾಸ್ಕ್ ಧರಿಸಿರಲಿಲ್ಲ.

"ಇದು ಸುಳ್ಳಲ್ಲವಲ್ಲ" ಎಂದರು ಅವರು. "ಹಾಕಿರಲಿಲ್ಲ ತಾನೆ? ನಿಮಗೂ ಒಳ್ಳೆಯದು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಸಹಿ ಮಾಡಿ, ಯಲ್ಲಾ, ಬೇಗ."

ಒಂದೊಂದು ಪದವೂ ನಿಜವೇ. ಓದಿದವರಿಗೆ ಮಾತ್ರ ಮೇಸ್ತ್ರಿ ತಮ್ಮ ಅಜಾಗರೂಕತೆಯಿಂದ ಸತ್ತರು ಎಂದು ಅರ್ಥವಾಗುತ್ತದೆ. ಪೆನ್ನು ಕೈಗೆ ತೆಗೆದುಕೊಂಡೆ. ಮಗಳ ಪರೀಕ್ಷೆಗೆ ಇನ್ನು ಆರು ತಿಂಗಳು ಇತ್ತು. ಬೀಗದ ಕೀಲಿ ಕೊಡುವಾಗ ನನಗೆ ಇಷ್ಟು ಭಯ ಆಗಿರಲಿಲ್ಲ. ಅಲ್ಲಿ ಬದುಕಿರುವವರನ್ನು ಉಳಿಸುವುದಿತ್ತು. ಇಲ್ಲಿ ಯಾರೂ ಉಳಿಯುವಂತಿರಲಿಲ್ಲ. ಸತ್ತ ಮನುಷ್ಯನ ಹೆಸರಿನ ಮುಂದೆ ಏನು ಬರೆಯಬೇಕು ಎಂಬುದಷ್ಟೇ.

"ನಾನೇ ಬರೆದುಕೊಡುತ್ತೇನೆ" ಎಂದು ಎದ್ದೆ.

ನನ್ನ ವರದಿ ಎರಡು ಪುಟ. ಲೈನ್ ಎಳೆದದ್ದು ನಾನು, ಡ್ರಾಯಿಂಗ್ ಮಾಡದವನು ನಾನು, ಕ್ಲೋರಿನ್ ಸೊನ್ನೆ ಬಂದದ್ದನ್ನು ಮೇಸ್ತ್ರಿ ತೋರಿಸಿದರೂ ಕಡೆಗಣಿಸಿದವನು ನಾನು, ಮಾಸ್ಕ್ ಅಗತ್ಯವಿಲ್ಲ ಎಂದು ಸಹಿ ಮಾಡಿದವನು ನಾನು. ಅವರಿಗೆ ಮಾಸ್ಕ್ ಕೊಟ್ಟಿರಲೇ ಇಲ್ಲ. ಪರ್ಮಿಟ್ ಫಾರಂನ ನಕಲು ಲಗತ್ತಿಸಿ ಮ್ಯಾನೇಜರಿಗೆ ಒಂದು, ಸುರಕ್ಷತಾ ಎಂಜಿನಿಯರಿಗೆ ಒಂದು ಪ್ರತಿ ಕೊಟ್ಟೆ. ಆಕೆ ನಿಂತುಕೊಂಡೇ ಓದಿದರು. "ಇದನ್ನು ನಾನು ಕಡತದಲ್ಲಿ ಇಡಲೇಬೇಕು" ಎಂದರು. "ಇಡಬೇಕೆಂದೇ ಕೊಟ್ಟದ್ದು" ಎಂದೆ. ಕಂಪನಿ ತನ್ನ ವರದಿಗೆ ಬೇರೊಬ್ಬರ ಸಹಿ ಹಾಕಿಸಿಕೊಂಡಿತು. ನನ್ನನ್ನು ಆ ಕಟ್ಟಡದಿಂದ ತೆಗೆದು ಶುವೈಖ್‌ನ ಗೋದಾಮಿಗೆ, ಕಿಟಕಿ ಎಸಿ ಬಿಚ್ಚಿ ಕೂಡಿಸುವ ಕೆಲಸದ ಮೇಲೆ ಹಾಕಿದರು. ಇಕಾಮಾ ಮಾರ್ಚ್‌ವರೆಗೆ ಇತ್ತು. ಮುಂದಿನದು ಆಮೇಲೆ ನೋಡೋಣ ಎಂದರು.

ಸಮ್ಮೇಳನ ಕೇಂದ್ರ ತೆರೆದದ್ದು ಐದು ವಾರ ತಡವಾಗಿ. ನನಗೂ ಒಂದು ಆಹ್ವಾನ ಬಂದಿತ್ತು, ಆಸ್ಪತ್ರೆ ಕಟ್ಟಿದವರ ಪಟ್ಟಿಯಲ್ಲಿ ನನ್ನ ಹೆಸರು ಉಳಿದುಕೊಂಡಿತ್ತು ಅನ್ನಿಸುತ್ತದೆ. ಹೋಗಿ ಎರಡನೇ ಹಾಲ್‌ನ ಕೊನೆಯ ಸಾಲಿನಲ್ಲಿ ಕೂತೆ. ತಂಪು ಚೆನ್ನಾಗಿತ್ತು. ಒಬ್ಬೊಬ್ಬರೇ ನರ್ಸ್‌ಗಳು ವೇದಿಕೆಗೆ ಬಂದರು. ಹೆಸರು ಕೂಗಿದಾಗ ಕೆಲವರು ಎಲ್ಲಿಗೆ ಬರಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದರು. ಸೋಂಕಿನ ಆ ಮೊದಲ ಬೇಸಿಗೆಯಲ್ಲಿ ಅವರ ಮುಖ ಯಾರೂ ನೋಡಿರಲಿಲ್ಲ, ಪ್ಲಾಸ್ಟಿಕ್ಕಿನ ಹಿಂದಿನ ಕಣ್ಣು ಮಾತ್ರ. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ಗೆಳತಿಗೆ ಹೇಳುತ್ತಿದ್ದಳು, ಇಲ್ಲೇ ಹಿಂದುಗಡೆ ನಮಗೆ ಅಂತ ಯಾರೋ ಷವರ್ ಮಾಡಿಕೊಟ್ಟಿದ್ದರು, ಅದೊಂದು ಇಲ್ಲದಿದ್ದರೆ ನಾನು ಆ ತಿಂಗಳು ತಡೆದುಕೊಳ್ಳುತ್ತಿರಲಿಲ್ಲ ಎಂದು. ನಾನು ಎದ್ದು ಹೊರಗೆ ಬಂದೆ.

ಮರುದಿನ ಶುಕ್ರವಾರ. ಮಧ್ಯಾಹ್ನ ಊಟದ ನಂತರ ಮೇಸ್ತ್ರಿಯ ಹೆಂಡತಿಗೆ ಫೋನ್ ಮಾಡಿದೆ. ಕಂಪನಿಯ ವರದಿಯ ಪ್ರತಿ ಅಷ್ಟರಲ್ಲಿ ಅವರಿಗೆ ಮುಟ್ಟಿತ್ತು.

"ಭಾವ ಓದಿ ಹೇಳಿದ್ರು" ಎಂದರು ಆಕೆ. "ಇವ್ರು ಮಾಸ್ಕ್ ಹಾಕ್ಲಿಲ್ಲವಂತೆ. ಅದಕ್ಕೇ ಹೀಗೆ ಆದದ್ದಂತೆ. ನಾನು ಫೋನಿನಲ್ಲಿ ದಿನಾ ಹೇಳ್ತಿದ್ದೆ ಸಾರ್, ಮಾಸ್ಕ್ ಹಾಕಿ, ಮಾಸ್ಕ್ ಹಾಕಿ ಅಂತ. ನನ್ನ ಮಾತು ಕೇಳ್ಲಿಲ್ಲ. ಅವ್ರ ಮೇಲೆ ಸಿಟ್ಟು ಬರ್ತದೆ ನಂಗೆ. ಸತ್ತವರ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೇನೆ."

ನಾನು ಎಲ್ಲವನ್ನೂ ಹೇಳಿದೆ. ಪೈಪು, ಗೋಡೆ, ವಾಸನೆ, ಬಣ್ಣ ಬಾರದ ನೀರು, ಫಾರಂ. ಆ ಕೆಲಸಕ್ಕೆ ಬೇಕಾದದ್ದು ಬಟ್ಟೆಯ ಮಾಸ್ಕ್ ಅಲ್ಲ, ಬೇರೆ ಥರದ್ದು, ಅದನ್ನು ಕೊಡಬೇಕಾದವನು ನಾನು, ಕೊಡಲಿಲ್ಲ ಎಂದೆ. ಅವರು ಕೊನೆಗೆ ಹೇಳಿದ ಮಾತಿನಿಂದಲೇ ಇನ್ನೊಂದು ಲೈನ್ ಸಿಕ್ಕಿತು ಎಂದೂ ಹೇಳಿದೆ. ಕರೆ ಕಡಿದುಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಹಾಗಾದ್ರೆ ಅವ್ರು ನಿಮಗೆ ಹೇಳಿದ್ದರು" ಎಂದರು ಆಕೆ ಆಮೇಲೆ. "ನೀರು ಸರಿ ಇಲ್ಲ ಅಂತ."

"ಹೇಳಿದ್ರು ಅಮ್ಮ."

"ನೀವು ಈಗಾದ್ರೂ ಹೇಳಿದ್ದು ಒಳ್ಳೇದಾಯ್ತು. ನೀವು ಬರ್ದ ಕಾಗದ ಉಂಟಲ್ಲ, ಅದನ್ನು ಕಳ್ಸಿ. ಭಾವ ನೋಡ್ತಾರೆ." ಕಳಿಸುತ್ತೇನೆ ಎಂದೆ. "ಮತ್ತೆ ನೀವು ಫೋನ್ ಮಾಡ್ಬೇಡಿ."

ಕಾಗದವನ್ನು ಆ ಸಂಜೆಯೇ ಕಳಿಸಿದೆ. ಫೋನ್ ಮಾಡಿಲ್ಲ.